ದೊಡ್ಡ ಹೋಟ್ಲಿನ ಬೆಂಕಿಕೋಣೆ

ಮಡಿಕೇರಿ ಪೇಟೆಯ ನಡುಮಧ್ಯೆ, ಬಸ್‌ಸ್ಟ್ಯಾಂಡಿನಿಂದ ಏರು ಹತ್ತಿ ಬಂದರೆ ಬಲಗಡೆಗೆ ಈಗ ಒಂದು ಕಾರ್ ಪಾರ್ಕಿಂಗ್ ಇದೆ. ಮೊನ್ನೆ ಮಳೆಯಲ್ಲಿ ಅಲ್ಲಿಗೆ ಹೋಗಿ, ಹಿಂದಿನ ಮೂಲೆಯಲ್ಲಿ ನಿಂತಿದ್ದ ಒಂದು ಬಿಳಿ ಕಾರಿನ ಬಾನೆಟ್ ಮೇಲೆ ಕೈಯಿಟ್ಟು, "ಇಲ್ಲೇ, ಸರಿಯಾಗಿ ಇಲ್ಲೇ" ಎಂದು ಗಟ್ಟಿಯಾಗಿ ಹೇಳಿಕೊಂಡೆ. ಕಾರಿನೊಳಗೆ ಜನ ಇದ್ದರು. ಗಾಜು ಇಳಿಸಿ, "ಅಂಕಲ್, ಏನಾಗ್ಬೇಕಿತ್ತು?" ಎಂದು ಕೇಳಿದರು. ಏನೂ ಆಗಬೇಕಿರಲಿಲ್ಲ. ನಾನು ದುಡಿದ ಕೋಣೆ ನಿಮ್ಮ ಇಂಜಿನ್ನಿನ ಕೆಳಗೆ ಇದೆ ಎಂದರೆ ಅವರು ಪೊಲೀಸರನ್ನು ಕರೆಯುವ ಸಂಭವವಿತ್ತು. ಕೊಡೆ ಸರಿಮಾಡಿಕೊಂಡು ಮನೆಗೆ ಬಂದೆ.

ಇದನ್ನು ಬರೆಯಲು ಕಾರಣ ನನ್ನ ತಂಗಿಯ ಮೊಮ್ಮಗಳು ಸಿಂಧು. ಅವಳು ಹೋಟೆಲ್ ಮೇನೇಜ್‌ಮೆಂಟ್ ಓದಿ ಕಕ್ಕಬೆ ಕಡೆಯ ಒಂದು ರೆಸಾರ್ಟಿನಲ್ಲಿ ಹೌಸ್‌ಕೀಪಿಂಗಿಗೆ ಸೇರಿದ್ದಾಳೆ. "ಅಜ್ಜ, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಅಂತ ಬರೆದು ಕೊಡಿ. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಓದಿ ಹೇಳ್ತೇನೆ" ಎಂದಳು. ಓದಿ ಹೇಳಿದ ಮೇಲೆ ಅವರಲ್ಲಿ ಯಾರಾದರೂ ಕೆಲಸ ಬಿಟ್ಟರೆ ನಾನು ಹೊಣೆಯಲ್ಲ. ನಾನು ರೂಮ್‌ಬಾಯ್ ಆಗಿ ಸೇರಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿ ಹೊರಬಂದೆ. ನಡುವೆ ಮೇಲಕ್ಕೇರಿದ್ದಕ್ಕೆ ಮುಖ್ಯ ಕಾರಣ, ನನಗಿಂತ ಬುದ್ಧಿವಂತರೆಲ್ಲ ಗಲ್ಫಿಗೆ ಹೋದದ್ದು. ಬಡ್ತಿಯ ವಿಷಯ ಅಷ್ಟು ಸಾಕು.

ಹೋಟೆಲಿನ ಬೋರ್ಡಿನಲ್ಲಿ ಇಂಗ್ಲಿಷಿನ ದೊಡ್ಡ ಹೆಸರೊಂದಿತ್ತು. ಊರಿನಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಶನಿವಾರಸಂತೆಯಿಂದ ಬರುವ ಮೆಣಸಿನ ವ್ಯಾಪಾರಿಯಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅದು 'ದೊಡ್ಡ ಹೋಟ್ಲು'. ಕಟ್ಟಿಸಿದವರು ಒಬ್ಬ ಕಾಫಿ ಪ್ಲಾಂಟರ್. ಅವರ ತಂದೆಯನ್ನು ಬಿಳಿಯರ ಕ್ಲಬ್ಬಿನಲ್ಲಿ ವರಾಂಡ ದಾಟಿ ಒಳಗೆ ಬಿಟ್ಟಿರಲಿಲ್ಲವಂತೆ. ಕಾಫಿಗೆ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಮಗ ಆ ಕ್ಲಬ್ಬಿನದಕ್ಕಿಂತ ದೊಡ್ಡ ವರಾಂಡ ಕಟ್ಟಿಸಿ, ಅದರ ಹಿಂದೆ ಹೋಟೆಲು ಕಟ್ಟಿಸಿದರು ಎಂದು ಊರಿನವರು ಹೇಳುತ್ತಿದ್ದರು. ಕಾರು ಸೀದಾ ಬಂದು ನಿಲ್ಲುವ ಪೋರ್ಟಿಕೊ, ಬೀಟೆ ಮರದ ಮೆಟ್ಟಿಲು, ಡಾನ್ಸ್ ಹಾಲಿಗೆ ತೇಗದ ಹಲಗೆಯ ನೆಲ. ಹಾಲಿನ ನಡುವೆ ಒಂದು ತೂಗುದೀಪವಿತ್ತು. ಅದನ್ನು ಒರೆಸಲು ಏಣಿ ಸಾಲುತ್ತಿರಲಿಲ್ಲವಾದ್ದರಿಂದ ಅದು ವರ್ಷದಿಂದ ವರ್ಷಕ್ಕೆ ಮಂಕಾಗುತ್ತ ಹೋಯಿತು. ಹೊಸ ಗೆಸ್ಟುಗಳು ಅದನ್ನು ಹಳೆಯ ಕಾಲದ ಕಲೆಯೆಂದು ಫೋಟೊ ತೆಗೆಯುತ್ತಿದ್ದರು.

ಇಷ್ಟೆಲ್ಲ ಕಟ್ಟಿಸಿದ ಯಜಮಾನರು ಒಂದನ್ನು ಮರೆತಿದ್ದರು, ಮಡಿಕೇರಿಯಲ್ಲಿ ಮಳೆ ಬರುತ್ತದೆ ಎಂಬುದನ್ನು. ಪ್ಲಾನ್ ಬರೆದ ಇಂಜಿನಿಯರ್ ಬಯಲುಸೀಮೆಯವರು. ಬಟ್ಟೆ ಒಣಗಿಸಲು ತಾರಸಿಯ ಮೇಲೆ ವಿಶಾಲವಾದ ಜಾಗ ಬಿಟ್ಟಿದ್ದರು. ಜೂನಿನಿಂದಾಚೆಗೆ ಅಲ್ಲಿ ಹರವಿದ ಬಟ್ಟೆ, ಹರವುವಾಗ ಇದ್ದದ್ದಕ್ಕಿಂತ ಹೆಚ್ಚು ಒದ್ದೆಯಾಗಿ ಕೆಳಗೆ ಬರುತ್ತಿತ್ತು. ಕೊನೆಗೆ ಅಡುಗೆಮನೆಯ ಹಿಂದಿದ್ದ ಹಳೆಯ ಕಾರ್ ಶೆಡ್ಡಿಗೆ ಗೋಡೆ ಮುಚ್ಚಿ, ನೆಲದಲ್ಲಿ ಉದ್ದದ ಒಲೆ ತೋಡಿ, ಮೇಲೆ ಬಿದಿರಿನ ಗಳಗಳನ್ನು ಸಾಲಾಗಿ ಕಟ್ಟಿದರು. ಹಳೆಯ ಕಾಫಿ ಗಿಡಗಳ ಬೊಡ್ಡೆ ಉರಿಸಿ, ಕೆಂಡದ ಬಿಸಿಗೆ ಬೆಡ್‌ಶೀಟು, ಟವೆಲು, ದಿಂಬಿನ ಚೀಲ ಒಣಗಿಸುವುದು. ನಮ್ಮ ಮನೆಗಳಲ್ಲಿ ಮಕ್ಕಳ ಬಟ್ಟೆಯನ್ನು ಕೆಂಡದ ಮೇಲೆ ಕುಕ್ಕೆ ಕವುಚಿ ಒಣಗಿಸುತ್ತಿದ್ದರಲ್ಲ, ಅದನ್ನೇ ದೊಡ್ಡದು ಮಾಡಿದ ಹಾಗೆ. ಅದೇ ಬೆಂಕಿಕೋಣೆ. ನಾನು ಜೀವನ ಕಳೆದದ್ದು ಅಲ್ಲಿ.

ನಾನು ಅಲ್ಲಿಗೆ ಬಂದದ್ದು ದೇವರ ಕೃಪೆಯಿಂದ, ಅಂದರೆ ದೇವರು ನನ್ನನ್ನು ಬೇಡವೆಂದದ್ದರಿಂದ. ಅಪ್ಪಯ್ಯ ಪೇಟೆಯ ಅಂಚಿನ ಒಂದು ಸಣ್ಣ ದೇವಸ್ಥಾನದ ಅರ್ಚಕರು. ನಾನೂ ಅದೇ ದಾರಿ ಹಿಡಿಯಬೇಕೆಂದು ಅವರ ಆಸೆ. ನನಗೋ ಮಂತ್ರ ಎರಡು ಸಾಲಿಗಿಂತ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಅವರಿಗೆ ಜ್ವರ ಬಂದು ನಾನು ಪೂಜೆಗೆ ನಿಂತಾಗ ಸಂಕಲ್ಪದಲ್ಲಿ ಸಂವತ್ಸರದ ಹೆಸರು ಮರೆತು ಹಿಂದಿನ ವರ್ಷದ್ದನ್ನೇ ಹೇಳಿಬಿಟ್ಟೆ. ಪೂಜೆ ಮಾಡಿಸಿದವರು ಲೆಕ್ಕ ಬಲ್ಲವರು. "ಭಟ್ರೇ, ಹೋದ ವರ್ಷದ ಪೂಜೆ ನಾನು ಹೋದ ವರ್ಷವೇ ಮಾಡಿಸಿದ್ದೆ" ಎಂದರು. ಅಪ್ಪಯ್ಯ ನನಗೆ ಬೈಯಲಿಲ್ಲ. ಮರುದಿನದಿಂದ ಗಂಟೆ ಬಾರಿಸುವ ಕೆಲಸ ಮಾತ್ರ ಕೊಟ್ಟರು.

ಹೋಟೆಲಿನಲ್ಲಿ ಕೆಲಸ ಸಿಕ್ಕಿತು ಎಂದಾಗ ಅವರು ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಕಂಡಕಂಡವರು ಮಲಗೆದ್ದ ಹಾಸಿಗೆ ಬಟ್ಟೆ ಮುಟ್ಟುವ ಕೆಲಸ. ಅವರ ಬಾಯಲ್ಲಿ ಆ ಹೋಟೆಲಿನ ಹೆಸರು ಬರುತ್ತಿರಲಿಲ್ಲ. "ಇವತ್ತು ಆ ಕಡೆ ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳುತ್ತಿದ್ದರು. 'ಆ ಕಡೆ'ಯಿಂದ ಬಂದವನು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಹೋಗುವಾಗ ಒಂದು ಸ್ನಾನ, ಬಂದ ಮೇಲೆ ಒಂದು ಸ್ನಾನ, ಮಡಿಕೇರಿಯ ಚಳಿಯಲ್ಲಿ. ಇಡೀ ಜಿಲ್ಲೆಯಲ್ಲಿ ನನ್ನಷ್ಟು ಸ್ವಚ್ಛವಾದ ರೂಮ್‌ಬಾಯ್ ಇರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಆಗ ಮೇನೇಜರ್ ಆಗಿದ್ದವರು ಚಿಣ್ಣಪ್ಪ ಸಾರ್. ಮಿಲಿಟರಿಯಿಂದ ಬಂದವರು. ಮೀಸೆಗೆ ಇಸ್ತ್ರಿ ಹಾಕುತ್ತಾರೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಮೊದಲ ದಿನ ಒಂದು ಕೋಣೆಯ ಬೆಡ್‌ಶೀಟು ತೆಗೆಯಲು ನನ್ನನ್ನು ಕಳಿಸಿದರು. ನನಗೆ ಕೈ ಬರಲಿಲ್ಲ. ಮನೆಯಲ್ಲಿ ಮಡಿಬಟ್ಟೆಯನ್ನು ಮುಟ್ಟಬಾರದೆಂದು ಕೋಲಿನಲ್ಲಿ ಎತ್ತುವುದು ಅಭ್ಯಾಸ. ಇಲ್ಲಿ ಮೈಲಿಗೆಯೆಂದು ಮುಟ್ಟಬಾರದು ಅನ್ನಿಸಿತು. ಕಾರಣ ತಿರುಗಮುರುಗ, ಉಪಾಯ ಮಾತ್ರ ಅದೇ. ಪರದೆಯ ಕೋಲು ಬಿಚ್ಚಿಕೊಂಡು ಅದರ ತುದಿಯಲ್ಲಿ ಬೆಡ್‌ಶೀಟು ಎತ್ತಿ, ಸತ್ತ ಹಾವು ಹೊತ್ತವನ ಹಾಗೆ ಬೀಟೆಯ ಮೆಟ್ಟಿಲಿಳಿದು ಬಂದೆ. ಕೆಳಗೆ ರಿಸೆಪ್ಷನ್ನಿನಲ್ಲಿ ಗೆಸ್ಟುಗಳ ಜೊತೆ ಚಿಣ್ಣಪ್ಪ ಸಾರ್ ನಿಂತಿದ್ದರು.

"ಇದು ಎಂಥ ಭಟ್ರೇ?" ಎಂದರು, ಬಹಳ ಮೆಲ್ಲಗೆ.

"ಬೆಡ್‌ಶೀಟು ಸಾರ್."

"ಅದು ಕಚ್ತದಾ?"

ಅಂದಿನಿಂದ ನನ್ನ ಹೆಸರು ಕೋಲುಭಟ್ಟ. ರಿಟೈರ್ ಆದ ದಿನ ಹಾಕಿದ ಹಾರದ ಜೊತೆ ಒಂದು ಪರದೆಯ ಕೋಲನ್ನೂ ಕೊಟ್ಟರು. ಅದು ಈಗಲೂ ನಮ್ಮ ಮನೆಯ ಕಿಟಕಿಯಲ್ಲಿದೆ.

ಕೆಲಸ ಕಲಿಸಿದವರೂ ಅವರೇ. ಸಿಂಧು, ಇದನ್ನು ನಿನ್ನ ಹುಡುಗರಿಗೆ ಗಟ್ಟಿಯಾಗಿ ಓದು. ಮಡಿಕೇರಿಯಂಥ ಊರಿನಲ್ಲಿ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಚಳಿಗೆ ಮರಗಟ್ಟಿದ ಬೆರಳಿಗೆ ತಣ್ಣಗಿರುವುದೂ ಒದ್ದೆಯಾಗಿರುವುದೂ ಒಂದೇ. ಚಿಣ್ಣಪ್ಪ ಸಾರ್ ಪ್ರತಿ ಬೆಡ್‌ಶೀಟಿನ ಮಡಿಕೆ ಬಿಡಿಸಿ ಒಳಭಾಗಕ್ಕೆ ಕೆನ್ನೆ ಇಟ್ಟು ನೋಡುತ್ತಿದ್ದರು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಕಣ್ಣು ಮುಚ್ಚಿ ಬೆಡ್‌ಶೀಟಿಗೆ ಕೆನ್ನೆ ಒತ್ತಿ ನಿಂತದ್ದನ್ನು ಮೊದಲು ನೋಡಿದಾಗ, ಇವರಿಗೆ ಮನೆಯಲ್ಲಿ ಏನೋ ಕಷ್ಟವಿರಬೇಕು ಎಂದುಕೊಂಡಿದ್ದೆ. "ಕೆನ್ನೆ ಸುಳ್ಳು ಹೇಳೋದಿಲ್ಲ ಭಟ್ರೇ. ಗೆಸ್ಟ್ ಮಲಗೋದೂ ಕೆನ್ನೆ ಇಟ್ಟೇ" ಎಂದರು. ಅದಾದ ಮೇಲೆ ನನ್ನ ಕೆನ್ನೆಯೂ ಹೋಟೆಲಿನ ಸಾಮಾನಾಯಿತು.

ಎಡವಟ್ಟುಗಳಿಗೇನೂ ಕಡಿಮೆ ಇರಲಿಲ್ಲ. ಸಂಜೆ ಹಾಸಿಗೆಯ ಕಾಲ್ದೆಸೆಯಲ್ಲಿ ಬಿಸಿನೀರಿನ ರಬ್ಬರ್ ಚೀಲ ಇಡುವುದು ನಮ್ಮಲ್ಲಿ ರೂಢಿ. ಒಬ್ಬ ದೊಡ್ಡ ಅಧಿಕಾರಿ ಹೊರಗೆ ಹೋಗಿದ್ದಾರೆಂದು ತಿಳಿದು ನಾನು ಅವರ ಕೋಣೆಗೆ ಹೋಗಿ, ರಗ್ಗಿನ ಒಳಗೆ ಕೈ ತೂರಿಸಿ ಚೀಲ ಒತ್ತಿದೆ. ಅವರು ಹೊರಗೆ ಹೋಗಿರಲಿಲ್ಲ, ರಗ್ಗಿನೊಳಗೇ ಇದ್ದರು. ಪಾದಕ್ಕೆ ಬಿಸಿಯಾದ ಮೆತ್ತನೆಯ ವಸ್ತು ತಾಗಿದ್ದೇ ತಡ, ಹಾವೆಂದು ಕೂಗಿ ಎದ್ದು ಕುರ್ಚಿಯ ಮೇಲೆ ನಿಂತರು. ನಾನೂ ಹೆದರಿ ಇನ್ನೊಂದು ಕುರ್ಚಿಯ ಮೇಲೆ ನಿಂತೆ. ಚಿಣ್ಣಪ್ಪ ಸಾರ್ ಓಡಿ ಬಂದಾಗ ನಾವಿಬ್ಬರೂ ಹಾಗೇ ಎದುರುಬದುರು ನಿಂತಿದ್ದೆವು, ನಡುವೆ ನೆಲದ ಮೇಲೆ ಚೀಲ.

ಇನ್ನು ಬೆಂಕಿಕೋಣೆಯ ಯಜಮಾನಿ ಜಾನುವಕ್ಕ. ಮನೆಮಾತು ಮಲಯಾಳ, ಮದುವೆಯಾಗಿ ಬಂದದ್ದು ಕಕ್ಕಬೆಗೆ, ಗಂಡ ತೀರಿಕೊಂಡ ಮೇಲೆ ಹೋಟೆಲಿಗೆ ಸೇರಿದವರು. ಯಾವ ಬೊಡ್ಡೆ ಹೊಗೆಯಾಡುತ್ತದೆ, ಯಾವುದು ನಿಗಿನಿಗಿ ಕೆಂಡವಾಗುತ್ತದೆ ಎಂಬುದೆಲ್ಲ ಅವರ ಜವಾಬ್ದಾರಿ. ಆದರೆ ಕಾರ್ ಶೆಡ್ಡಿಗೆ ಹೊಗೆಗೂಡು ಎಲ್ಲಿಂದ ಬರಬೇಕು? ಬಾಗಿಲು ತೆರೆದರೆ ಮಳೆಯ ತೇವ ಒಳಗೆ ಬರುತ್ತದೆ, ಮುಚ್ಚಿದರೆ ಹೊಗೆ ಒಳಗೇ ಸುತ್ತುತ್ತದೆ. ಜಾನುವಕ್ಕ ಇಡೀ ದಿನ ಕೆಮ್ಮುತ್ತಿದ್ದರು. "ಒಂದು ಹೊಗೆಗೂಡು ಮಾಡಿಸಿ ಅಂತ ಹೇಳಿ ಭಟ್ರೇ" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಮುಂದಿನ ವರ್ಷ ನೋಡೋಣ ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. ನಾನು ಅದನ್ನು ಹಾಗೆಯೇ ತಂದು ಅವರಿಗೆ ಒಪ್ಪಿಸುತ್ತಿದ್ದೆ, ಪೋಸ್ಟ್‌ಮ್ಯಾನ್ ಹಾಗೆ. ಬೆಡ್‌ಶೀಟಿಗೆ ಹೊಗೆ ವಾಸನೆ ಎಂದು ಗೆಸ್ಟುಗಳು ದೂರಿದರೆ "ಅದು ಕೊಡಗಿನ ವಾಸನೆ" ಎಂದು ಚಿಣ್ಣಪ್ಪ ಸಾರ್ ಹೇಳಿ ಕಳಿಸುತ್ತಿದ್ದರು.

ಮನೆಯಲ್ಲಿಯೂ ಕೆಮ್ಮೇ. ಅಪ್ಪಯ್ಯನದು ಬೇರೆ ಜಾತಿಯ ಕೆಮ್ಮು. ಪೂಜೆಗೆ ದಿನಾ ತೊಳೆದು ಒಣಗಿದ ಮಡಿಪಂಚೆ ಬೇಕು. ರೇಷ್ಮೆ ಉಡಬಹುದಿತ್ತು, ಆದರೆ ಹುಳ ಕೊಂದ ಬಟ್ಟೆ ಎಂದು ಅದನ್ನು ಅವರು ಮುಟ್ಟುತ್ತಿರಲಿಲ್ಲ. ನಮ್ಮ ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಒಲೆಯ ಮೇಲಿನ ಗಳಕ್ಕೆ ಬಿಸಿಯೇ ಇಲ್ಲ. ಮಳೆಗಾಲದಲ್ಲಿ ಪಂಚೆ ಒಣಗುತ್ತಿರಲಿಲ್ಲ. ಒದ್ದೆಯಾದರೂ ಮಡಿ ಮಡಿಯೇ ಎಂದು ಅದನ್ನೇ ಉಟ್ಟು, ತಣ್ಣನೆಯ ಕಲ್ಲಿನ ಗರ್ಭಗುಡಿಯಲ್ಲಿ ಹೊತ್ತುಗಟ್ಟಲೆ ನಿಲ್ಲುವುದು. ಎದೆ ಕಟ್ಟಿ, ಉಸಿರು ಸೀಟಿ ಹೊಡೆಯತೊಡಗಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದು ಮಳೆಗಾಲ ಹೀಗೇ ಒದ್ದೆ ಉಟ್ಟರೆ ಇವರು ಉಳಿಯೋದಿಲ್ಲ" ಎಂದು ನೇರವಾಗಿ ಹೇಳಿದರು.

ಅಮ್ಮ ಆ ದಿನ ಊಟ ಬಡಿಸುತ್ತ ನನ್ನನ್ನೇ ನೋಡಿದಳು. "ಊರವರ ಬಟ್ಟೆಯೆಲ್ಲ ಒಣಗಿಸ್ತೀಯಲ್ಲ" ಎಂದಳು. ಅಷ್ಟೇ ಹೇಳಿದ್ದು.

ಪಂಚೆಯನ್ನು ಬೆಂಕಿಕೋಣೆಯಲ್ಲಿ ಒಣಗಿಸಿ ತರಲೇ ಎಂದು ಅಪ್ಪಯ್ಯನನ್ನು ಕೇಳಿದೆ.

"ಯಾರೂ ಮುಟ್ಟುವುದಿಲ್ಲವಷ್ಟೆ?"

"ಇಲ್ಲ ಅಪ್ಪಯ್ಯ. ಸ್ನಾನ ಮಾಡಿ ನಾನೇ ಕೋಲಿನಲ್ಲಿ ಹಾಕ್ತೇನೆ, ಕೋಲಿನಲ್ಲೇ ತೆಗೀತೇನೆ."

"ಕೆಳಗೆ ಎಂಥ ಇರ್ತದೆ?"

"ಬೆಂಕಿ."

"ಬೆಂಕಿ ಎಲ್ಲಿ ಉರಿದರೂ ಬೆಂಕಿಯೇ" ಎಂದರು. ಒಪ್ಪಿದರು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಮ್ಮ ಮಡಿಯಲ್ಲಿ ಹಿಂಡಿದ ಪಂಚೆಯನ್ನು ಹಿತ್ತಾಳೆಯ ಕೊಳಗಕ್ಕೆ ಹಾಕಿ ಮುಚ್ಚುವುದು, ನಾನು ಕೊಳಗವನ್ನು ಕೋಲಿಗೆ ತೂಗಿಸಿ ಹೆಗಲ ಮೇಲೆ ಹೊತ್ತು ಪೇಟೆಯ ನಡುವೆ ಹೋಗುವುದು, ಇದು ಮಳೆಗಾಲದ ದಿನಚರಿಯಾಯಿತು. ಆಟೊದವರು "ಏನ್ ಭಟ್ರೇ, ಹೋಟ್ಲಲ್ಲಿ ಅಭಿಷೇಕ ಉಂಟಾ?" ಎಂದು ಕೇಳುತ್ತಿದ್ದರು. ಹೋಟೆಲಿನ ಸ್ಟಾಫ್ ಬಾತ್‌ರೂಮಿನಲ್ಲಿ ತಣ್ಣೀರು ಸುರಿದುಕೊಂಡು, ನಡುಗುತ್ತ, ಬೆಂಕಿಕೋಣೆಯ ಒಂದು ಮೂಲೆಯ ಗಳಕ್ಕೆ ಕೋಲಿನಿಂದ ಪಂಚೆ ಏರಿಸುತ್ತಿದ್ದೆ. ಒಂದೇ ಒಂದು ತೊಂದರೆ ಎಂದರೆ, ಒಣಗಿದೆಯೋ ಎಂದು ನೋಡಲು ಕೆನ್ನೆ ಇಡುವ ಹಾಗಿಲ್ಲ. ಕೆನ್ನೆ ಇಟ್ಟರೆ ಮಡಿ ಹೋಯಿತು. ಊರಿನ ಗೆಸ್ಟುಗಳಿಗೆಲ್ಲ ಕೆನ್ನೆಯ ಭರವಸೆ ಕೊಟ್ಟವನು ಅಪ್ಪಯ್ಯನ ಪಂಚೆಯನ್ನು ಮಾತ್ರ ಅಂದಾಜಿನ ಮೇಲೆ ಒಯ್ಯಬೇಕಾಗಿತ್ತು. ಆದರೂ ಅದು ಒಣಗಿರುತ್ತಿತ್ತು. ಆ ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಉಸಿರಿನ ಸೀಟಿ ನಿಂತಿತು. ಅಪ್ಪಯ್ಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿರಲಿಲ್ಲ. ನನಗೆ ಕೆಲಸ ಸಿಕ್ಕ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು, ಯಾರಿಗೂ ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಹೋಟೆಲಿನ ಅಡುಗೆಮನೆಗೂ ಗ್ಯಾಸ್ ಬಂತು. ಕುಕ್ ಬೋಪಣ್ಣನಿಗೆ ಅದರಿಂದ ಒಂದು ಕಷ್ಟ ಎದುರಾಯಿತು. ಮಳೆಗಾಲಕ್ಕೆಂದು ಹಂದಿ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುವುದು ಇಲ್ಲಿಯ ಪದ್ಧತಿ. ಗ್ಯಾಸಿನ ಮೇಲೆ ಕಟ್ಟಲು ಬರುವುದಿಲ್ಲ. ಮಗಳ ಬಾಣಂತನಕ್ಕೆಂದು ಜಾನುವಕ್ಕ ಕಕ್ಕಬೆಗೆ ಹೋದ ಸಮಯ ನೋಡಿ, ಬೋಪಣ್ಣ ಬೆಂಕಿಕೋಣೆಯ ಆಚೆ ತುದಿಯಲ್ಲಿ ಉಪ್ಪು, ಅರಿಶಿನ ಸವರಿದ ತುಂಡುಗಳನ್ನು ಮಾಲೆಯ ಹಾಗೆ ತೂಗುಬಿಟ್ಟ. ಹೊಗೆಗೆ ಹೊರದಾರಿ ಇಲ್ಲ. ಅದು ಆ ತುದಿಯಿಂದ ಈ ತುದಿಗೆ ಸುತ್ತು ಹೊಡೆಯಿತು. ಕೆಲಸ ಮುಗಿಸಿ ಅವನು ತುಂಡುಗಳನ್ನು ಬಿಚ್ಚಿಕೊಂಡು ಹೋದ ಮೇಲೆ ನಾನು ಹೋದೆ. ನೆಗಡಿ ಕಟ್ಟಿದ ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ಎಲ್ಲ ಒಣಗಿತ್ತು. ಬೆಡ್‌ಶೀಟುಗಳನ್ನು ರೂಮುಗಳಿಗೆ ಕಳಿಸಿ, ಪಂಚೆಯನ್ನು ಕೊಳಗಕ್ಕೆ ಇಳಿಸಿ ಮನೆಗೆ ಒಯ್ದೆ.

ಹೋಟೆಲಿನಲ್ಲಿ ಆದದ್ದು ಇಷ್ಟು. ಮೈಸೂರಿನಿಂದ ಮದುವೆಗೆ ಬಂದ ಅಪ್ಪಟ ಸಸ್ಯಾಹಾರಿಗಳ ದಿಬ್ಬಣ ಮೂಗು ಮುಚ್ಚಿಕೊಂಡು ವರಾಂಡಕ್ಕೆ ಬಂದು ನಿಂತಿತು. ಮೇಲಿನ ಮಹಡಿಯಲ್ಲಿ ಬೇರೆ ಊರಿನ ಗೆಸ್ಟುಗಳು ಬೆಳಗಿನ ಕಾಫಿಯ ಜೊತೆಗೆ ಪಂದಿಕರಿ ಬೇಕೆಂದು ಫೋನು ಮಾಡಿದರು. ಹಿಂದೆಂದೂ ಹಾಗೆ ಆಗಿರಲಿಲ್ಲ.

ಮನೆಯಲ್ಲಿ ಅಪ್ಪಯ್ಯ ಪಂಚೆ ಉಡುತ್ತ ಅಮ್ಮನಿಗೆ, "ಇವತ್ತು ಎಂಥದೋ ಒಳ್ಳೆ ಸೌದೆ ಹಾಕಿದ್ದಾರೆ, ಪರಿಮಳ ಉಂಟು" ಎಂದು ಹೇಳಿ ಹೊರಟರಂತೆ. ಜೀವಮಾನದಲ್ಲಿ ಆ ವಾಸನೆ ತಿಳಿಯದ ಮನುಷ್ಯ. ದೇವಸ್ಥಾನಕ್ಕೆ ದಿನಾ ಬರುವ ಕಾಳಪ್ಪಜ್ಜನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು. ಮಂಗಳಾರತಿಯ ಹೊತ್ತಿಗೆ ಅವರು ಕಣ್ಣು ಮುಚ್ಚಿ ಕೈ ಮುಗಿದವರು ಮೂಗು ಅರಳಿಸಿದರು. ತೀರ್ಥ ಕುಡಿದು, ಬಗ್ಗಿ ಕೇಳಿದರು.

"ಭಟ್ರೇ, ತಪ್ಪು ತಿಳೀಬೇಡಿ. ಇಲ್ಲಿ ಹತ್ತಿರದಲ್ಲಿ ಯಾರಾದ್ರೂ ಪಂದಿ ಹೊಗೆಗೆ ಕಟ್ಟಿದ್ದಾರಾ? ನನಗೆ ದೇವರ ಎದುರೇ ಹಸಿವಾಯ್ತು."

ಅಪ್ಪಯ್ಯ ಪಂಚೆಯ ಅಂಚನ್ನು ಮೂಗಿನ ಹತ್ತಿರ ತಂದರು. ಆಮೇಲೆ ಬಾಗಿಲು ಹಾಕಿ, ಬಾವಿಕಟ್ಟೆಗೆ ಹೋಗಿ ಕೊಡಗಟ್ಟಲೆ ನೀರು ಸುರಿದುಕೊಂಡರು. ಅಂದಿನಿಂದ ಮತ್ತೆ ಒದ್ದೆ ಪಂಚೆ. ನಾನು ಆದದ್ದನ್ನೆಲ್ಲ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, ಅದೇ ಕಷ್ಟ. ಕೆಲವೇ ದಿನಗಳಲ್ಲಿ ಸೀಟಿ ಮರಳಿ ಬಂತು. ಗೋಡೆಯಾಚೆ ಅದನ್ನು ಕೇಳುತ್ತ ಮಲಗುವುದು ನನ್ನಿಂದ ಆಗುತ್ತಿರಲಿಲ್ಲ. ಡಾಕ್ಟರ ಮಾತು ಅಮ್ಮನಿಗೂ ಗೊತ್ತಿತ್ತು, ಅವಳು ನನ್ನ ಮುಖ ನೋಡುವುದನ್ನೇ ಬಿಟ್ಟಳು. ಕೊನೆಗೆ ಒಂದು ಮಧ್ಯಾಹ್ನ ಅಪ್ಪಯ್ಯನೇ, "ಆ ಕಡೆ ನಾನೊಮ್ಮೆ ನೋಡಬೇಕು" ಎಂದರು.

ಹೋಟೆಲಿನ ಪೋರ್ಟಿಕೊದಲ್ಲಿ ಅವರು ದೇವಸ್ಥಾನಕ್ಕೆ ಬಂದ ಹಾಗೆ ಚಪ್ಪಲಿ ಬಿಟ್ಟರು. ಗೇಟಿನವನು ಸೆಲ್ಯೂಟ್ ಹೊಡೆದ. ನೀರು ಸೋರುವ ಪಂಚೆಯಲ್ಲಿ ಅವರು ಕೆಂಪು ಕಾರ್ಪೆಟ್ಟಿನ ಮೇಲೆ ನಡೆದರೆ, ಹಿಂದೆ ಒದ್ದೆ ಹೆಜ್ಜೆಗಳು ಮೂಡುತ್ತ ಹೋದವು. ತಂದೆಯ ಪ್ರಾಣದ ಪ್ರಶ್ನೆ ಎದುರಿಗಿರುವಾಗ ನನಗೆ ಬಂದ ಯೋಚನೆ, ಈ ಕಾರ್ಪೆಟ್ಟನ್ನು ಯಾವಾಗ ಒಣಗಿಸುವುದು ಎಂದು. ಕೆಲಸ ಮನುಷ್ಯನನ್ನು ಹೀಗೆ ಮಾಡಿಬಿಡುತ್ತದೆ.

ಚಿಣ್ಣಪ್ಪ ಸಾರ್ ಎದ್ದು ಅಟೆನ್ಷನ್ನಿನಲ್ಲಿ ನಿಂತರು. "ತಪ್ಪು ನಮ್ಮದು ಭಟ್ರೇ. ನಿಮ್ಮ ಮಗನದ್ದಲ್ಲ."

"ತಪ್ಪಿನ ಮಾತು ಬೇಡ ಚಿಣ್ಣಪ್ಪನವರೇ. ಬೆಂಕಿ ತೋರಿಸಿ."

ಬೆಂಕಿಕೋಣೆಗೆ ಜಾನುವಕ್ಕ ಮರಳಿ ಬಂದಿದ್ದರು. ಅಪ್ಪಯ್ಯನನ್ನು ಕಂಡು ಗೋಡೆಗೆ ಸರಿದು ನಿಂತರು. ಪಂಚೆ ಹಾಕುವ ಮೂಲೆಯ ಸುತ್ತ ನೆಲದ ಮೇಲೆ ಬೂದಿಯ ಗೆರೆಯೊಂದಿತ್ತು. ನಾನು ದಿನಾ ಅದನ್ನು ದಾಟಿ ಹೋಗುತ್ತಿದ್ದೆ, ಬೂದಿ ಚೆಲ್ಲಿದೆ ಎಂದು ತಿಳಿದಿದ್ದೆ.

"ಇದು ಯಾರು ಎಳೆದದ್ದು?" ಎಂದರು ಅಪ್ಪಯ್ಯ.

"ನಾನು ಸ್ವಾಮಿ. ದೇವರ ಕೆಲಸದ ಬಟ್ಟೆ ಅಲ್ವಾ, ಯಾರೂ ಆ ಕಡೆ ಹೋಗ್ಬಾರ್ದು ಅಂತ. ನಾನಿದ್ದಿದ್ರೆ ಆ ಬೋಪಣ್ಣ ಒಳಗೇ ಬರ್ತಿರ್ಲಿಲ್ಲ."

"ನೀನು ದಾಟ್ತೀಯಾ?"

"ಇಲ್ಲ ಸ್ವಾಮಿ. ಅಲ್ಲಿಗೆ ಕೆಂಡ ಬೇಕಾದ್ರೆ ಇಲ್ಲಿಂದಲೇ ಸಲಿಕೆಯಲ್ಲಿ ದೂಡ್ತೇನೆ." ಹೇಳುತ್ತಿದ್ದಂತೆ ಕೆಮ್ಮು ಬಂತು. ಸೆರಗು ಬಾಯಿಗೊತ್ತಿ ಕೆಮ್ಮಿದರು. ಹೊಗೆಗೆ ಅಪ್ಪಯ್ಯನಿಗೂ ಕೆಮ್ಮು ಬಂತು. ಅವರು ನಿಲ್ಲಿಸಿದರೆ ಇವರು, ಇವರು ನಿಲ್ಲಿಸಿದರೆ ಅವರು. ಚಿಣ್ಣಪ್ಪ ಸಾರ್ ಮತ್ತು ನಾನು ನಡುವೆ ನಿಂತು ಇಬ್ಬರನ್ನೂ ನೋಡುತ್ತಿದ್ದೆವು.

ಉಸಿರು ತಿರುಗಿದ ಮೇಲೆ ಅಪ್ಪಯ್ಯ ಮಾಡಿನತ್ತ ನೋಡಿದರು. "ಚಿಣ್ಣಪ್ಪನವರೇ, ಹೊಗೆಗೆ ದಾರಿಯೇ ಇಲ್ಲ. ಈ ಹೆಂಗಸಿನ ಎದೆಗೆ ಹೋಗ್ತಾ ಉಂಟು. ಹೊಗೆಗೂಡು ಕಟ್ಟಿಸಿ. ಕಟ್ಟಿಸಿದ ಮೇಲೆ ಪಂಚೆ ಕಳಿಸ್ತೇನೆ, ಅಲ್ಲಿಯವರೆಗೆ ಒದ್ದೆಯೇ ಇರಲಿ."

ಚಿಣ್ಣಪ್ಪ ಸಾರ್ ಯಜಮಾನರ ಮನೆಗೆ ಅಂದೇ ಹೋದರು. ಮಳೆಯಲ್ಲೇ ತಾಡಪಾಲು ಕಟ್ಟಿ, ಮಾಡು ಒಡೆದು, ಕೆಂಪು ಇಟ್ಟಿಗೆಯ ಹೊಗೆಗೂಡು ಎದ್ದಿತು. ಜಾನುವಕ್ಕನ ಕೆಮ್ಮಿಗೆ ವರ್ಷಗಟ್ಟಲೆ ಆಗದ ಕೆಲಸ ಭಟ್ಟರ ಪಂಚೆಗೆ ವಾರದೊಳಗೆ ಆಯಿತು. ಇದು ನನಗೆ ಖುಷಿಯ ಜೊತೆಗೆ ನಾಚಿಕೆಯನ್ನೂ ತಂದಿತು. ಅಪ್ಪಯ್ಯನಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು ತೋರುತ್ತದೆ. ತಮ್ಮ ಹೆಸರಿನಲ್ಲಿ ಕೇಳಿದರೆ ಮಾತ್ರ ಆಗುತ್ತದೆ ಎಂದೇ ಹಾಗೆ ಹಟ ಹಿಡಿದರು.

ಪಂಚೆ ಮತ್ತೆ ಒಣಗಿತು, ಕೆಮ್ಮು ಇಬ್ಬರಿಗೂ ಇಳಿಯಿತು. ಇನ್ನೊಂದೇ ಮಳೆಗಾಲ ಎಂದಿದ್ದ ಡಾಕ್ಟರು ರಿಟೈರ್ ಆಗಿ ಊರಿಗೆ ಹೋದರು. ಅಪ್ಪಯ್ಯ ಆಮೇಲೂ ಬಹಳ ವರ್ಷ ಪೂಜೆ ಮಾಡಿದರು.

ಚಿಣ್ಣಪ್ಪ ಸಾರ್ ಹೋದ ಮೇಲೆ ಬಂದ ಹೊಸ ಮೇನೇಜರ್ ಓದಿದ ಹುಡುಗ, ಒಳ್ಳೆಯವನೇ. ಬೆಂಕಿಕೋಣೆ ನೋಡಿ ತಲೆಯ ಮೇಲೆ ಕೈ ಹೊತ್ತ. ಒಣಗಿಸುವ ಮೆಷಿನ್ ಬಂತು. ನಾವು ಹೂವು ಹಾಕಿ, ಆರತಿ ಎತ್ತಿ, ಗುಂಡಿ ಒತ್ತಿದೆವು. ಅದೇ ಹೊತ್ತಿಗೆ ಎಲ್ಲೋ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಮಡಿಕೇರಿಯಲ್ಲಿ ಹೋದ ಕರೆಂಟು ಮರಳಿ ಬರಲು ಅದರದ್ದೇ ಸಮಯ ತೆಗೆದುಕೊಳ್ಳುತ್ತದೆ. ಜಾನುವಕ್ಕ ಹೋಗಿ ಬೊಡ್ಡೆಗೆ ಬೆಂಕಿ ಕೊಟ್ಟರು. ಅಂದಿನಿಂದ ಮೆಷಿನ್ನೂ ಇತ್ತು, ಬೆಂಕಿಯೂ ಇತ್ತು.

ಅಪ್ಪಯ್ಯನ ಕೊನೆಯ ಮಳೆಗಾಲಕ್ಕೆ ಅವರು ಹಾಸಿಗೆ ಹಿಡಿದಿದ್ದರು. ದೇವಸ್ಥಾನ ಚಿಕ್ಕಪ್ಪನ ಮಗನ ಕೈಗೆ ಹೋಗಿತ್ತು. ಮನೆಯ ಹಾಸಿಗೆ, ಹೊದಿಕೆ ಎಲ್ಲ ಥಂಡಿ ಹಿಡಿದು, ಅವರು ನಡುಗುತ್ತಿದ್ದರು. ನಾನು ಬೆಂಕಿಕೋಣೆಯಲ್ಲಿ ಜಾನುವಕ್ಕನಿಗೆ ಅದನ್ನು ಹೇಳಿದೆ. ಅವರು ಗಳದಿಂದ ಬಿಸಿಬಿಸಿ ಇದ್ದ ಹೋಟೆಲಿನ ಬೆಡ್‌ಶೀಟೊಂದನ್ನು ಎಳೆದು, ಕಂಬಳಿಯಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಎದೆಗೆ ಅವುಚಿಕೊಂಡು, ನನ್ನ ಕೊಡೆಯ ಕೆಳಗೆ ನಡೆದೇ ಬಂದರು. ನಮ್ಮ ಮೆಟ್ಟಿಲ ಹತ್ತಿರ ನಿಂತುಬಿಟ್ಟರು.

"ಯಾರು, ಜಾನುವಾ?" ಒಳಗಿನಿಂದ ಅಪ್ಪಯ್ಯನ ಸ್ವರ. "ಒಳಗೆ ಬಾ. ಗೆರೆ ಎಂಥದೂ ಇಲ್ಲಿಲ್ಲ."

ಜಾನುವಕ್ಕನೇ ಹಾಸಿದರು. ನಾನು ಅಪ್ಪಯ್ಯನನ್ನು ಎತ್ತಿ ಮಲಗಿಸಿದೆ. ಅವರು ಮಗ್ಗುಲಾಗಿ, ಬಟ್ಟೆಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದರು.

"ಇದು ಮಡಿ ಅಲ್ಲ ಅಪ್ಪಯ್ಯ, ಹೋಟೆಲಿನದ್ದು" ಎಂದೆ ನಾನು. ಅಂಥ ಹೊತ್ತಿನಲ್ಲೂ ಕೋಲುಭಟ್ಟನ ಬಾಯಿ ಸುಮ್ಮನಿರಬೇಕಲ್ಲ.

"ಒಣಗಿದೆ" ಎಂದರು ಅವರು. ಆಮೇಲೆ, "ಒಳ್ಳೆ ಕೆಲಸ ನಿನ್ನದು" ಎಂದರು. ಕೆಲಸಕ್ಕೆ ಸೇರಿದ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲು. ಮಳೆ ನಿಲ್ಲುವ ಮೊದಲು ಅಪ್ಪಯ್ಯ ಹೋದರು. ಒದ್ದೆಯ ಮೇಲಲ್ಲ, ಒಣ ಬಟ್ಟೆಯ ಮೇಲೆ.

ಹೋಟೆಲಿನ ಕತೆ ನಿಮಗೆಲ್ಲ ಗೊತ್ತು. ಹೋಂಸ್ಟೇಗಳು ಬಂದವು, ಯಜಮಾನರ ಮಕ್ಕಳಲ್ಲಿ ಪಾಲಾಯಿತು, ಗುಡ್ಡ ಕುಸಿದ ವರ್ಷ ಗೆಸ್ಟುಗಳೇ ಬರಲಿಲ್ಲ. ನಾನು ರಿಟೈರ್ ಆದ ಮೇಲೆ ಜೆಸಿಬಿ ಬಂತು. ಬೀಟೆಯ ಮೆಟ್ಟಿಲು ಲಾರಿಯಲ್ಲಿ ಎಲ್ಲಿಗೋ ಹೋಯಿತು. ತೂಗುದೀಪವನ್ನು ಇಳಿಸಿದಾಗ ಒಬ್ಬ ಅದನ್ನು ಒರೆಸಿದ, ಅದು ಹೊಳೆಯಿತು. ಎಲ್ಲ ಬಿದ್ದ ಮೇಲೂ ಕೆಂಪು ಹೊಗೆಗೂಡು ಒಂದು ದಿನ ಒಂಟಿಯಾಗಿ ನಿಂತಿತ್ತು. ಜಾನುವಕ್ಕ ಈಗ ಕಕ್ಕಬೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನಿನಲ್ಲಿ ಹೇಳಿದೆ. "ಅದು ಬಿದ್ದ ಮೇಲೆ ನನಗೆ ಹೇಳ್ಬೇಡಿ ಭಟ್ರೇ" ಎಂದರು. ನಾನು ಹೇಳಲಿಲ್ಲ.

ಸಿಂಧು, ನಿಮ್ಮ ರೆಸಾರ್ಟಿನ ಮೆಷಿನ್ನಿನಲ್ಲಿ ಬಟ್ಟೆ ಎಷ್ಟು ಒಣಗಿದೆ ಎಂದು ದೀಪವೇ ತೋರಿಸುತ್ತದೆ ಎಂದಿದ್ದೆ ನೀನು. ಇರಲಿ. ದೀಪ ನೋಡಿದ ಮೇಲೆ ಒಮ್ಮೆ ಕೆನ್ನೆಯನ್ನೂ ಇಡು. ಯಾರಾದರೂ ನಕ್ಕರೆ ನನ್ನ ಹೆಸರು ಹೇಳು, ಇನ್ನೂ ಜೋರಾಗಿ ನಗುತ್ತಾರೆ.

ಆ ಬಿಳಿ ಕಾರಿನ ವಿಷಯ ಪೂರ್ತಿ ಹೇಳಲಿಲ್ಲ. ಅದು ಆಗಷ್ಟೇ ಬಂದು ನಿಂತಿತ್ತು. ಆ ಮಳೆಯಲ್ಲಿ, ಜಾನುವಕ್ಕನ ಒಲೆಯಿದ್ದ ಜಾಗದಲ್ಲಿ, ಅದರ ಬಾನೆಟ್ ಬೆಚ್ಚಗಿತ್ತು. ಕೆನ್ನೆ ಇಡಬೇಕು ಅನ್ನಿಸಿ ಬಗ್ಗಿಯೂ ಇದ್ದೆ, ಅಷ್ಟರಲ್ಲಿ ಅವರು ಗಾಜು ಇಳಿಸಿದರು.